ಗೆರೆಯ ಕೆಳಗೆ ಬಿದ್ದ ಕೆಂಪು ಹೋರಿಕರು

ನುಸಾ ಪೆನಿಡಾ ದ್ವೀಪದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಕೊಮಾಂಗ್ ರಸ್ಮಿನಿಯ ಟೇಪಿಗೆ ಎದೆ ಒಡ್ಡದ ಕರುವಿಲ್ಲ. ಹನ್ನೊಂದು ವರ್ಷಗಳಿಂದ ದನಗಾರರ ಸಂಘಕ್ಕೆ ಅವಳೇ ಅಳತೆಗಾರ್ತಿ. ಎದೆಯ ಸುತ್ತಳತೆಯಿಂದ ತೂಕ ಲೆಕ್ಕ ಹಾಕಿ, ವಯಸ್ಸು ನೋಡಿ, ಹಾಳೆಯ ಮೇಲೆ ಚುಕ್ಕಿ ಇಡುತ್ತಾಳೆ. ಹಾಳೆಯಲ್ಲಿ ವಯಸ್ಸಿಗೆ ತಕ್ಕ ತೂಕ ತೋರುವ ಒಂದು ಬಾಗುಗೆರೆ: ಮೊದಲು ನಿಧಾನ, ಆಮೇಲೆ ದಡದಡನೆ ಏರಿ, ಕೊನೆಗೆ ಸುಸ್ತಾದಂತೆ ಮಟ್ಟಸವಾಗುತ್ತದೆ. ಮೂರನೇ ತರಗತಿಗೇ ಶಾಲೆ ಬಿಟ್ಟವಳು ಆ ಗೆರೆಯ ಸೂತ್ರವನ್ನು ಪಶುವೈದ್ಯರ ಬೆನ್ನುಬಿದ್ದು ಕಲಿತಳು. ಕರು ಎಷ್ಟು ಬೆಳೆದೀತೆಂದು ಕಾಗದ ಮೊದಲೇ ಹೇಳುತ್ತದಲ್ಲ! ಅದನ್ನು ನೆನೆದರೆ ಈಗಲೂ ಅವಳ ಮೈ ಜುಮ್ಮೆನ್ನುತ್ತದೆ.

ಅಂದು ತಳಿಹೋರಿಯ ಆಯ್ಕೆ. ಗೆರೆಯ ಮೇಲಿನವು ಊರಲ್ಲಿ ಉಳಿಯುತ್ತವೆ, ಕೆಳಗಿನವು ಕಸಾಯಿ ಲಾರಿ ಹತ್ತುತ್ತವೆ. ಮುದುಕ ನೆಂಗಾ ತಿರ್ತನ ಕರುವಿನ ಚುಕ್ಕಿ ಪಾತಾಳಕ್ಕೆ ಬಿದ್ದಿತ್ತು: ಎರಡು ವರ್ಷಕ್ಕೆ ಬರೀ ನೂರ ಮೂವತ್ತೆಂಟು ಕಿಲೋ. ತಾಯಿ ಸತ್ತ ಕರು ಅದು. ತಿರ್ತ ಬಾಟಲಿಯಲ್ಲಿ ಹಾಲು ಕುಡಿಸಿ, ಬಾಳೆದಿಂಡು ಕೊಚ್ಚಿ ಹಾಕಿ ಸಾಕಿದ್ದ.

"ಏನ್ ತಾತಾ, ಬಾಳೆದಿಂಡು ಎಲ್ಲಾ ನೀನೇ ತಿಂದ್ಯೋ, ಕರೂಗೂ ಏನಾದ್ರೂ ಕೊಟ್ಯೋ?" ಎಂದ ಸಂಘದ ಅಧ್ಯಕ್ಷ ಪುತು ಲಂದ್ರ. ಎಲ್ಲರೂ ನಕ್ಕರು. ತಿರ್ತ ನಗಲಿಲ್ಲ, ಹಗ್ಗ ಬಿಡಲೂ ಇಲ್ಲ.

ಹಗ್ಗ ಬಿಡಿಸಿಕೊಳ್ಳಲು ಹೋದ ರಸ್ಮಿನಿ ಕರುವಿನ ಬೆನ್ನ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. ಮೈಯೆಲ್ಲ ಕೆಂಪು. ಕೆಂಪಗೆ ಹುಟ್ಟಿ, ಬೆಳೆದಂತೆ ಕಪ್ಪಾಗುವ ತಳಿ ಇದು; ಎರಡು ವರ್ಷದ ಹೋರಿ ಈ ಹೊತ್ತಿಗೆ ಕಪ್ಪಾಗಿರಬೇಕಿತ್ತು!

"ತಾತಾ, ಇದರ ವಯಸ್ಸು ನನ್ಹತ್ರ ಎಷ್ಟಂದಿದ್ದೆ?"

"ಎರಡು ಹುಟ್ಟುಹಬ್ಬ ಆಯ್ತು ಅಂದಿದ್ನಲ್ಲವ್ವ. ಎರಡನೇದು ನಿನ್ನೆ ತಾನೆ ಮಾಡಿದ್ದು. ಅದರ ಹಣೆಗೆ ಅಕ್ಕಿ ನಾನೇ ಹಚ್ದೆ."

ರಸ್ಮಿನಿ ಬೆರಳು ಮಡಚಿ ಎಣಿಸಿದಳು. ಅಲ್ಲಿನ ಪಂಚಾಂಗದಂತೆ ಹುಟ್ಟುಹಬ್ಬ ಬರುವುದು ಇನ್ನೂರ ಹತ್ತು ದಿನಕ್ಕೊಮ್ಮೆ. ತನ್ನ ಮೂವರು ಮಕ್ಕಳಿಗೂ ದಿನ ಎಣಿಸಿ ಹಬ್ಬ ಮಾಡಿದವಳು, ಸರ್ಕಾರಿ ಹಾಳೆ ಕೈಗೆ ಬಂದ ಗಡಿಬಿಡಿಯಲ್ಲಿ ಹಬ್ಬಕ್ಕೊಂದು ಮುನ್ನೂರ ಅರವತ್ತೈದು ದಿನದ ವರ್ಷ ಎಂದು ಗೀಚಿದ್ದಳು! ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಿಲ್ಸ್ರೋ ಲಾರೀನ!" ಎಂದು ಕಿರುಚಿದಳು. "ಕರು ಗಿಡ್ಡ ಅಲ್ಲ, ನಾನು ಕತ್ತೆ! ನಾನೂರ ಇಪ್ಪತ್ತು ದಿನಾನ ಎರಡು ವರ್ಷ ಅಂತ ಬರ್ದುಬಿಟ್ಟಿದೀನಿ!"

"ಹನ್ನೊಂದು ವರ್ಷದ ಅಳತೆಗಾರ್ತಿ ಬೇರೆ ನೀನು, ಅಕ್ಕಾ!" ಎಂದು ಲಂದ್ರ ಚುಚ್ಚಿದ.

"ಹೂಂನಪ್ಪಾ, ನಾನೇ. ಪೆನ್ಸಿಲ್ ಕೊಡಿಲ್ಲಿ."

ನಾನೂರ ಇಪ್ಪತ್ತನೇ ದಿನದಿಂದ ಬೆರಳನ್ನು ಮೇಲೇರಿಸಿದಳು. ಗೆರೆ ಸಿಕ್ಕಿದ್ದು ನೂರ ಇಪ್ಪತ್ತೈದು ಕಿಲೋಗೆ. ಬೆರಳು ಅದನ್ನೂ ದಾಟಿ ನೂರ ಮೂವತ್ತೆಂಟಕ್ಕೆ ಹೋಯಿತು. ಅಂದಿನ ಇಪ್ಪತ್ತಮೂರು ಕರುಗಳಲ್ಲಿ ಗೆರೆಯಿಂದ ಇಷ್ಟು ಮೇಲೆ ಹೋದದ್ದು ಇನ್ನೊಂದಿರಲಿಲ್ಲ. ಜನ ಹೋ ಎಂದು ಕೂಗಿದರು. ತಿರ್ತ ಕರುವಿನ ಕೊರಳು ತಬ್ಬಿ ಗಳಗಳನೆ ಅತ್ತ.

ಆ ಗದ್ದಲದಲ್ಲೇ ರಸ್ಮಿನಿ ಹಳೇ ಹಾಳೆಗಳ ಕಟ್ಟು ಬಿಚ್ಚಿದಳು.

"ಇನ್ಯಾರ್ಯಾರು ನನಗೆ ಹುಟ್ಟುಹಬ್ಬದ ಲೆಕ್ಕ ಕೊಟ್ಟಿದ್ರಿ? ಕೈ ಎತ್ತಿ."

ಮೊದಲು ಮೇಲೆದ್ದದ್ದು ಲಂದ್ರನ ಕೈ. ಅವನ ಕರು ಹೋದ ವರ್ಷವೇ ಲಾರಿ ಹತ್ತಿತ್ತು.