ಜಾರುವ ಎಡಗಾಲು

ನನ್ನ ಭಾವನ ದವಡೆ ಮುರಿಯಬೇಕೆಂದೇ ನಾನು ಬೌಲಿಂಗ್ ತಿದ್ದಿಕೊಂಡೆ. ಇದನ್ನು ಇಷ್ಟು ವರ್ಷ ಯಾರಿಗೂ ಹೀಗೆ ನೇರವಾಗಿ ಹೇಳಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಚಿನ್ನದ ಗಣಿಗಳಲ್ಲಿ ಒಂದಾದ ಮೈಸೂರು ಮೈನ್ಸ್ ಕಡೆ ಒಂದು ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್. ಅಮ್ಮನೂ ನಾನೂ ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಕ್ಕನನ್ನು ಬಂಗಾರಪೇಟೆಗೆ ಕೊಟ್ಟಿತ್ತು, ಅವಳಿಗೊಂದು ಪುಟ್ಟ ಹೆಣ್ಣುಮಗುವಿತ್ತು. ಭಾವ ಅಲ್ಲಿ ಮರದ ಡಿಪೋ ನೋಡಿಕೊಳ್ಳುತ್ತಿದ್ದ, ಊರಿನ ಕ್ರಿಕೆಟ್ ತಂಡದಲ್ಲಿ ಮೊದಲನೆಯವನಾಗಿ ಬ್ಯಾಟು ಹಿಡಿಯುತ್ತಿದ್ದ. ದಪ್ಪ ತೋಳು, ನಗುಮುಖ. ಊರಿಗೆಲ್ಲ ಬೇಕಾದವನು.

ಆ ವರ್ಷ ಯುಗಾದಿಗೆ ಹೋದಾಗ ಅಕ್ಕನ ಬಲ ಮುಂಗೈಯ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಾವಿಕಟ್ಟೆ ಹತ್ತಿರ ಬಿದ್ದೆ ಅಂದಳು. ಒಬ್ಬಟ್ಟು ತಟ್ಟುವಾಗ ಸೆರಗು ಸರಿದು, ಕುತ್ತಿಗೆಯ ಹಿಂದೆ ಬೆರಳಗಲದ ಸುಟ್ಟ ಗಾಯವೂ ಕಂಡಿತು. ಇಕ್ಕಳದ ತುದಿಯ ಆಕಾರ. ಬಾವಿಕಟ್ಟೆಯಲ್ಲಿ ಬಿದ್ದರೆ ಅಂಥ ಗಾಯ ಆಗುವುದಿಲ್ಲ.

ನಾನು ಸೀದಾ ಡಿಪೋಗೆ ಹೋಗಿ ಭಾವನ ಅಂಗಿ ಹಿಡಿದೆ. ಎರಡೇ ನಿಮಿಷ. ಅವನು ನನ್ನ ತಲೆಯನ್ನು ಸರ್ವೆ ಮರದ ರಾಶಿಗೆ ಬಡಿದು, ಕೆಳಗೆ ಕೆಡವಿ, ಪಕ್ಕೆಗೆ ಒದ್ದ. ಕೂಲಿಯವರು ನೋಡುತ್ತ ನಿಂತಿದ್ದರು.

"ಓಗ್ಲಾ, ನಿಮ್ಮಮ್ಮನ ಅತ್ರ ಆಲು ಕುಡ್ಕೊಂಡು ಬಾ," ಅಂದ. ಎಲ್ಲರೂ ನಕ್ಕರು.

ವಾಪಸು ರೈಲಿನಲ್ಲಿ ಮೂಗಿನ ರಕ್ತ ಒರೆಸಿಕೊಳ್ಳುತ್ತ ಕೂತಾಗ ಹೊಳೆಯಿತು: ಕೈಯಲ್ಲಿ ಅವನನ್ನು ಗೆಲ್ಲಲಾರೆ, ಚೆಂಡಿನಲ್ಲಿ ಗೆಲ್ಲಬಹುದು. ದಸರೆಯ ಹೊತ್ತಿಗೆ ನಮ್ಮ ತಂಡ ಬಂಗಾರಪೇಟೆಗೆ ಆಡಲು ಹೋಗುತ್ತಿತ್ತು. ತಂಡದಲ್ಲಿ ನನ್ನಷ್ಟು ವೇಗವಾಗಿ ಎಸೆಯುವವರು ಇರಲಿಲ್ಲ.

ಆದರೆ ನನ್ನ ಚೆಂಡು ಎಲ್ಲಿ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಓಡಿಬಂದು ಎಗರಿ ಎಡಗಾಲು ಊರಿದರೆ, ತೆಂಗಿನ ನಾರಿನ ಮ್ಯಾಟಿನ ಮೇಲೆ ಅದು ಒಂದು ಗೇಣು ಮುಂದಕ್ಕೆ ಜಾರುತ್ತಿತ್ತು. ಜಾರಿದ ಕೂಡಲೇ ಮೈ ಎಡಕ್ಕೆ ವಾಲುತ್ತಿತ್ತು. ಎಷ್ಟೋ ಸಲ ಮೊಣಕೈ ಊರಿ ಬಿದ್ದಿದ್ದೇನೆ. ಇನ್ನು ಚೆಂಡು ಬ್ಯಾಟಿನವನ ಬೆನ್ನ ಹಿಂದೆ ಹಾರಿ ಬೌಂಡರಿಗೆ ಓಡುತ್ತಿತ್ತು.

ಅದನ್ನು ತಿದ್ದಿದವರು ನಮ್ಮ ಸಾಲಿನ ಕೊನೆಯ ಮನೆಯ ತಮಿಳು ಮೇಸ್ತ್ರಿ. ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರದ ಕಂಬ ನಿಲ್ಲಿಸುವ ಕೆಲಸ ಅವರದು. ಬೌಲಿಂಗ್ ಮಾಡಿದವರಲ್ಲ, ಆದರೆ ಪ್ರತಿ ಮ್ಯಾಚು ನೋಡುವವರು. ಒಂದು ಭಾನುವಾರ ಬೆಳಿಗ್ಗೆ, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸಯನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನಾನು ಮೂರನೇ ಸಲ ಬಿದ್ದದ್ದನ್ನು ನೋಡಿ, ಮ್ಯಾಟಿನ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಉದುರಿಸಿದರು.

"ಈಗ ಆಕು ತಂಬಿ."

ಎಸೆದೆ. ಪುಡಿಯಲ್ಲಿ ನನ್ನ ಹಿಮ್ಮಡಿ ಉದ್ದಕ್ಕೆ ಗೀರು ಎಳೆದಿತ್ತು.

"ನೋಡು, ಇಮ್ಮಡಿ ಮೊದಲು ಬೀಳ್ತದೆ. ಕಡೇ ಎಜ್ಜೆ ರೊಂಬ ಉದ್ದ. ಕಾಲು ಮುಂದೆ ಓಗಿದೆ, ಮೈ ಇಂದ್ಗಡೆ ಉಳ್ದಿದೆ. ಕಂಬ ಓರೆ ನಿಲ್ಸಿದ್ರೆ ಬುಡ ಜಾರದೆ ಏನ್ಮಾಡ್ತದೆ?"

ಕೊನೆಯ ಎರಡು ಹೆಜ್ಜೆ ಮೊಟಕು ಮಾಡಿಸಿದರು. ಪಾದ ಪೂರ್ತಿ ಚಪ್ಪಟೆಯಾಗಿ, ಬೆರಳು ಬ್ಯಾಟಿನವನ ಕಡೆಗೆ ನೋಡುವ ಹಾಗೆ ಇಳಿಯಬೇಕು. ಎಡಗೈಯನ್ನು ಪಕ್ಕಕ್ಕೆ ಬೀಸದೆ, ಮೇಲಿಂದ ಸೊಂಟದತ್ತ ಎಳೆದುಕೊಳ್ಳಬೇಕು. ತಲೆ ನೆಟ್ಟಗಿರಬೇಕು. ಒಂದು ತಿಂಗಳು ಓಡಲು ಬಿಡಲಿಲ್ಲ. ಮೂರು ಹೆಜ್ಜೆ ನಡೆದು ಎಸೆಯುವುದು, ಎಸೆದ ಮೇಲೆ ಎಡಗಾಲೊಂದರ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ನನ್ನ ಎಡಕ್ಕೆ ಅವರು ಬಿದಿರಿನ ಕೋಲು ಹಿಡಿದು ನಿಂತಿರುತ್ತಿದ್ದರು. ವಾಲಿದರೆ ಪಕ್ಕೆಗೆ ಏಟು. ಭಾವ ಒದ್ದ ಜಾಗದ ಮೇಲೇ ಬೀಳುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಮತ್ತೆ ಎಸೆಯುತ್ತಿದ್ದೆ.

ಎರಡನೇ ತಿಂಗಳಲ್ಲಿ ಓಡಲು ಬಿಟ್ಟರು. ಸುಣ್ಣದ ಪುಡಿಯಲ್ಲಿ ಗೀರು ಬೆರಳುದ್ದಕ್ಕೆ ಇಳಿಯಿತು. ಆಮೇಲೆ ಬರೀ ಪಾದದ ಅಚ್ಚು ಉಳಿಯಿತು. ಅವರು ಸ್ಟಂಪಿನ ಬುಡ ತೋರಿಸಿದರೆ ಬುಡಕ್ಕೆ, ತುದಿ ತೋರಿಸಿದರೆ ತುದಿಗೆ ಹೊಡೆಯತೊಡಗಿದೆ. ಅವರು ಮನೆಗೆ ಹೋದ ಮೇಲೆ ನಾನೊಬ್ಬನೇ ಉಳಿದು, ಸ್ಟಂಪಿಗೆ ಒಂದು ಗಳ ಕಟ್ಟಿ, ಭಾವನ ಬಾಯಿಯ ಎತ್ತರಕ್ಕೆ ಕೆಂಪು ಬಟ್ಟೆ ಸುತ್ತುತ್ತಿದ್ದೆ.

ಬಂಗಾರಪೇಟೆಯ ಮ್ಯಾಚಿನ ದಿನ ಭಾವ ನಗುತ್ತ ಕ್ರೀಸಿಗೆ ಬಂದ. "ಏನ್ಲಾ ಬಾಮೈದ, ಬೀಳ್ದಂಗೆ ಆಕ್ತೀಯಾ?" ಅಂದ.

ಮೊದಲ ಚೆಂಡು ಅವನ ಕಿವಿ ಪಕ್ಕದಲ್ಲಿ ಹೋಯಿತು. ಎರಡನೆಯದು ಎದೆಗೆ ಬಡಿಯಿತು. ಅವನು ಎದೆ ಉಜ್ಜಿಕೊಳ್ಳಲಿಲ್ಲ, ನಗು ಮಾತ್ರ ನಿಂತಿತು. ಮೂರನೆಯದಕ್ಕೆ ಓಡಿಬರುವಾಗ ನನಗೆ ಅಂಪೈರ್ ಕಾಣಲಿಲ್ಲ, ಸ್ಟಂಪೂ ಕಾಣಲಿಲ್ಲ. ಪಾದ ಚಪ್ಪಟೆಯಾಗಿ ಇಳಿಯಿತು. ತಲೆ ಅಲುಗಲಿಲ್ಲ. ಕೈಯಿಂದ ಚೆಂಡು ಬಿಡುವಾಗಲೇ ಗೊತ್ತಾಯಿತು.

ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದು. ಭಾವ ಸ್ಟಂಪಿನ ಮೇಲೆ ಮಗುಚಿ ಬಿದ್ದ. ಬಾಯಿಂದ ರಕ್ತ ಮ್ಯಾಟಿಗೆ ಸುರಿಯಿತು, ಅದರಲ್ಲಿ ಎರಡು ಹಲ್ಲು. ಕೆಳದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ಅವನು ಏನೋ ಹೇಳಲು ನೋಡಿದ, ಗೊರಗೊರ ಸದ್ದು ಬಂತು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಮೈಯೆಲ್ಲ ಬೆಚ್ಚಗಾಗುವಷ್ಟು ಖುಷಿಯಾಯಿತು. ಆಮೇಲೆ ಅವನ ಕಣ್ಣು ಕಂಡಿತು. ಹೆದರಿದ ಎತ್ತಿನ ಕಣ್ಣಿನ ಹಾಗಿತ್ತು.

ಅಷ್ಟರಲ್ಲಿ ಅವರ ಕಡೆಯವರು ಸ್ಟಂಪು ಕಿತ್ತುಕೊಂಡು ನನ್ನ ಮೇಲೆ ಬಿದ್ದಿದ್ದರು. ಮೊದಲ ಏಟು ಬಲ ಹೆಗಲಿಗೆ. ಎಲುಬು ಲಟಕ್ಕೆಂದದ್ದು ಕೇಳಿಸಿತು. ಉಳಿದ ಏಟುಗಳ ನೆನಪಿಲ್ಲ.

ಗಣಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮೊದಲು ಬಂದವರು ಮೇಸ್ತ್ರಿ. ಅಮ್ಮನಿಂದ ಎಲ್ಲ ಕೇಳಿ ತಿಳಿದುಕೊಂಡಿದ್ದರು. ಮಂಚದ ಪಕ್ಕಕ್ಕೆ ಬಂದು, ಪಟ್ಟಿ ಕಟ್ಟಿಲ್ಲದ ಕೆನ್ನೆಗೆ ಒಂದು ಬಾರಿಸಿದರು.

"ನಾನು ಕಲ್ಸಿದ್ದು ಸ್ಟಂಪಿಗೆ ಕಣ್ಲಾ," ಅಂದು ಹೊರಟುಹೋದರು. ಮತ್ತೆಂದೂ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ಅಕ್ಕ ಬಂದಳು. ನಾನು ಹೊಗಳಿಕೆ ನಿರೀಕ್ಷಿಸಿದ್ದೆನೋ ಏನೋ, ಅವಳನ್ನು ನೋಡಿ ನಕ್ಕೆ.

"ನನ್ನನ್ನ ಒಂದ್ ಮಾತು ಕೇಳ್ದ್ಯಾ ನೀನು?" ಅಂದಳು. "ಅವನು ಒಡೆಯೋವಾಗ ಎಷ್ಟೊತ್ತಿಗೆ ನಿಲ್ಲಿಸ್ತಾನೆ ಅಂತ ನಂಗೆ ಗೊತ್ತಿತ್ತು. ಈಗ ಬಾಯಿ ಕಟ್ಕೊಂಡು ಗೋಡೆ ನೋಡ್ತಾ ಕೂತವ್ನೆ. ಎದ್ದ್ ಮೇಲೆ ಏನ್ ಮಾಡ್ತಾನೋ ಗೊತ್ತಿಲ್ಲ. ದಿನಾ ಗಂಜಿ ಕುಡಿಸೋಳು ನಾನು, ನೀನಲ್ಲ."

ಅಷ್ಟು ಹೇಳಿ ಬಂಗಾರಪೇಟೆಯ ರೈಲಿಗೆ ಹೊರಟಳು.

ಅವಳು ಹೆದರಿದಂತೆಯೇ ಆಯಿತು. ಎರಡು ವಾರಕ್ಕೆ ಅವನು ಎದ್ದ. ಒಂದು ಮಧ್ಯಾಹ್ನ ಗಂಜಿ ಬಿಸಿಯಾಗಿದೆ ಎಂದು ಪಾತ್ರೆಯನ್ನು ಅವಳ ಮುಖಕ್ಕೆ ಎರಚಿ, ಬ್ಯಾಟು ಎತ್ತಿಕೊಂಡ. ಅಕ್ಕ ಹಿಂದೆ ಸರಿಯುತ್ತ ಕೈಗೆ ಸಿಕ್ಕ ಒನಕೆಯಿಂದ ಅವನ ಮೊಣಕಾಲಿಗೆ ಹೊಡೆದಳು. ಬಿದ್ದವನಿಗೆ ಇನ್ನೊಂದು ಹೊಡೆದಳು. ಆಮೇಲೆ ಒನಕೆಯನ್ನು ಮೂಲೆಯಲ್ಲಿಟ್ಟು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಸುಟ್ಟ ಕೆನ್ನೆಯಲ್ಲೇ ರೈಲು ಹತ್ತಿ ನಮ್ಮ ಮನೆಗೆ ಬಂದಳು.

ನನ್ನ ಬಲಗೈ ಅದಾದ ಮೇಲೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಫಿಟ್ಟರ್ ಕೆಲಸ ಬಿಟ್ಟು ಸ್ಟೋರಿನಲ್ಲಿ ಕೂತೆ. ಅಕ್ಕ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆದಳು.

ಮುಂದಿನ ಬೇಸಿಗೆಯಲ್ಲಿ ಭಾವ ಬಂದ. ಕುಂಟುತ್ತಿದ್ದ, ದವಡೆ ಸೊಟ್ಟಗಿತ್ತು. ಅವನು ಬೀದಿಯ ತಿರುವಿನಲ್ಲಿ ಕಂಡಾಗಲೇ ಅಕ್ಕ ನನ್ನ ಕಡೆ ತಿರುಗಿ, "ನೀನು ಏಳ್ಬ್ಯಾಡ, ಅಲ್ಲೇ ಕೂತ್ಕೊ," ಅಂದಳು. ಹೊರಗೆ ಹೋಗಿ ಹೊಸ್ತಿಲಿಗೆ ಅಡ್ಡವಾಗಿ ನಿಂತಳು. ಅವನು ಏನೇನೋ ಹೇಳಿದ. ಸೊಟ್ಟ ಬಾಯಿಯ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ಅವಳು ಒಂದೇ ಮಾತು ಹೇಳಿದ್ದು: "ನಾನು ಬರಾಕಿಲ್ಲ."

ಅವನು ಕುಂಟುತ್ತ ಹೊರಟುಹೋದ. ಅಕ್ಕ ಒಳಗೆ ಬಂದು, ಡ್ಯೂಟಿಗೆ ಹೊತ್ತಾಯಿತೆಂದು ಬಿಳಿ ಸೀರೆ ಉಟ್ಟುಕೊಳ್ಳತೊಡಗಿದಳು.