ಹೊಟ್ಟೆ ತೊಳೆಸಿಕೊಂಡ ಏಳು ತಿಂಗಳು

ಮೊದಲು ಕಂಡದ್ದು ಒಂದು ಎಳೆ ರಕ್ತ. ಕಳೆದ ವರ್ಷ ಮಾಘ ಮಾಸ, ಬೆಳಗಿನ ಹೊತ್ತು. ನೋಡಿದೆ. ನೀರು ಹುಯ್ದೆ. ಕೈಕಾಲು ತೊಳೆದು ಬಂದು ಹಾಲು ಕಾಯಿಸಲು ಇಟ್ಟೆ.

ನನಗೊಂದು ಅಭ್ಯಾಸವಿದೆ. ಮದುವೆಯಾಗಿ ಅರಸೀಕೆರೆಗೆ ಬಂದಾಗಿನಿಂದ ಅಂದಂದಿನ ಅಡಿಗೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಿನ್ನೆ ಮಾಡಿದ್ದು ಇವತ್ತು ಮತ್ತೆ ಆಗಬಾರದು, ಅಷ್ಟಕ್ಕೇ. ಅವತ್ತು ‘ಮೆಂತ್ಯದ ಸೊಪ್ಪಿನ ಹುಳಿ, ಹಪ್ಪಳ’ ಎಂದು ಬರೆದು ಕೆಳಗೆ ಸಣ್ಣಗೆ ‘ಉಷ್ಣ’ ಎಂದು ಸೇರಿಸಿದೆ. ಹದಿನೈದು ದಿನದಲ್ಲಿ ‘ಉಷ್ಣ’ ಆರು ಸಲ ಬಂತು. ಮಜ್ಜಿಗೆ ಕುಡಿದೆ, ಮೆಣಸಿನಕಾಯಿ ಬಿಟ್ಟೆ. ಯಾರ ಮುಂದಾದರೂ ಹೇಳಿಕೊಳ್ಳುವಂಥ ಕಾಯಿಲೆಯೇ ಇದು? ಕೊನೆಗೆ ನಮ್ಮ ಯಜಮಾನರಿಗೆ ಹೇಳಿದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಅವತ್ತೇ ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

“ಪೈಲ್ಸ್ ಇರಬಹುದು. ಆದ್ರೆ ನಿಮಗೆ ಐವತ್ತೆರಡು, ಹಿಮೋಗ್ಲೋಬಿನ್ನೂ ಕಡಿಮೆ ಇದೆ. ಹಾಸನಕ್ಕೆ ಹೋಗಿ ಕೊಲೊನೊಸ್ಕೋಪಿ ಮಾಡಿಸಿಬಿಡಿ,” ಎಂದರು ಡಾಕ್ಟರು. “ಹಿಂದಿನ ದಿನ ಈ ಪೌಡರ್ ನೀರಲ್ಲಿ ಕಲಸಿ ಕುಡೀಬೇಕು. ಕರುಳು ಪೂರ್ತಿ ಕ್ಲೀನ್ ಆಗಿರಬೇಕಮ್ಮ, ಇಲ್ಲದಿದ್ರೆ ಒಳಗೆ ಏನೂ ಕಾಣಲ್ಲ.”

ಆ ರಾತ್ರಿ ಬೇಲೂರಿನ ಲಲಿತಕ್ಕನಿಗೆ ಫೋನು ಮಾಡಿದೆ. ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಧಾರೆ ಎರೆದು ಕೊಟ್ಟವರು ಅಕ್ಕ ಭಾವನೇ. ಭಾವ ಅಲ್ಲೊಂದು ಚಿಕ್ಕ ಗುಡಿಯಲ್ಲಿ ಅರ್ಚಕರು.

“ಅದಕ್ಯಾಕೆ ಪೈಪು ಗೀಪು ಹಾಕಿಸ್ಕೋತೀಯ ಕಣೇ,” ಎಂದಳು ಅಕ್ಕ. “ಕರುಳು ಕ್ಲೀನ್ ಆಗ್ಬೇಕು ತಾನೆ? ಹಳೇಬೀಡಲ್ಲಿ ತೊಳೀತಾರೆ. ನಾನು ಮೂರು ಸಲ ಹೋಗಿ ಬಂದೆ, ಮೈ ಹತ್ತಿ ಹಾಗಾಗಿದೆ.”

ಕ್ಲೀನ್ ಮಾಡುವುದು ನೋಡುವುದಕ್ಕೆ ಎಂದು ಡಾಕ್ಟರು ಹೇಳಿದ್ದರು. ನಾವಿಬ್ಬರೂ ಅದನ್ನೇ ಔಷಧಿ ಮಾಡಿಕೊಂಡೆವು.

ಈಗ ಯೋಚಿಸಿದರೆ, ನಮ್ಮ ಮನೆಯಲ್ಲಿ ಬೆಳೆದವರು ಇನ್ನು ಹೇಗೆ ಯೋಚಿಸಿಯಾರು ಎನ್ನಿಸುತ್ತದೆ. ಅಮ್ಮ ತಿಂಗಳಿಗೊಂದು ಭಾನುವಾರ ನಮ್ಮಿಬ್ಬರಿಗೂ ಹರಳೆಣ್ಣೆ ಕುಡಿಸುತ್ತಿದ್ದಳು. ಅಕ್ಕ ನನ್ನ ಮೂಗು ಹಿಡಿಯುವುದು, ಅಮ್ಮ ಬಾಯಿಗೆ ಹುಯ್ಯುವುದು. ಅವತ್ತು ಬರೀ ಸಾರನ್ನ. ಜ್ವರ ಬಂದರೂ ಕಜ್ಜಿ ಎದ್ದರೂ, ಪರೀಕ್ಷೆಯಲ್ಲಿ ಮಾರ್ಕ್ಸು ಕಡಿಮೆ ಬಂದರೂ ಹೊಟ್ಟೆ ತೊಳೆಯುವುದೇ ಮದ್ದು. ಅದೇ ಅಮ್ಮ ಐವತ್ತಾರಕ್ಕೆ ಹೊಟ್ಟೆನೋವು ಹೊಟ್ಟೆನೋವು ಎನ್ನುತ್ತಲೇ ಸೊರಗಿ ಹೋದಳು. ಏನು ಕಾಯಿಲೆ ಎಂದು ಯಾರೂ ಕೇಳಲಿಲ್ಲ.

ಡಾಕ್ಟರು ಬರೆದುಕೊಟ್ಟ ಹಾಸನದ ಚೀಟಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟೆ. “ಯಾವತ್ತು ಹೋಗೋಣ ಹೇಳು, ರಜಾ ಹಾಕ್ತೀನಿ,” ಎಂದು ಯಜಮಾನರು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ.

ಹಳೇಬೀಡಿನ ಆ ಕರುಳು ತೊಳೆಯುವ ಕೇಂದ್ರ ಒಂದು ಬಾಡಿಗೆ ಮನೆ. ಒಂದು ಮಂಚ, ಗೋಡೆಗೊಂದು ಯಂತ್ರ, ಅದರಿಂದ ಬರುವ ಕೊಳವೆ. ಸಹಾಯಕ್ಕಿದ್ದ ರತ್ನಮ್ಮ ನನ್ನ ವಯಸ್ಸಿನವಳೇ. ನಾನು ನಾಚಿಕೆಯಿಂದ ಮುದುಡಿಕೊಂಡರೆ, “ಸಡ್ಲ ಬುಡಿ ಅವ್ವ, ಬಿಗಿ ಹಿಡುದ್ರೆ ನೋವಾಯ್ತೈತೆ. ನಮ್ಮತ್ತೇನೂ ಹಿಂಗೇಯ, ಬಾಯೊಂದು ಬುಟ್ಟು ಬ್ಯಾರೆ ಏನೂ ಸಡ್ಲ ಮಾಡಾಕಿಲ್ಲ,” ಎಂದು ನಗಿಸುತ್ತಿದ್ದಳು. ಉಗುರುಬೆಚ್ಚಗಿನ ನೀರು ಒಳಗೆ ಹೋಗಿ, ಗಾಜಿನ ಕೊಳವೆಯೊಂದರಲ್ಲಿ ಹೊರಗೆ ಹರಿಯುತ್ತಿತ್ತು. ಚಿಕಿತ್ಸೆ ಕೊಡುವ ಮೇಡಂ ಅದನ್ನು ತೋರಿಸಿ, “ನೋಡಿ, ಎಷ್ಟು ವರ್ಷದ ಕಲ್ಮಶ,” ಎನ್ನುತ್ತಿದ್ದರು.

ಮೂರನೆಯ ಸಲ ನೀರು ಕೆಂಪಗೆ ಬಂತು.

“ಮೇಡಂ, ಇದು ರಕ್ತ ಅಲ್ವಾ?”

“ವಿಷ ಬಿಡ್ತಾ ಇದೆ. ಒಳ್ಳೇ ಲಕ್ಷಣ.”

ಬಂದು ಹಾಗೆಯೇ ಬರೆದೆ. ‘ಗಂಜಿ. ಒಳ್ಳೇ ಲಕ್ಷಣ.’

ಒಂದು ಮಾತು ಮುಚ್ಚಿಡಬಾರದು. ಹಳೇಬೀಡಿಗೆ ಹೋಗುವ ಆ ಗುರುವಾರಗಳು ನನಗೆ ಬೇಕಾಗಿದ್ದವು. ಅಕ್ಕ ಬೇಲೂರಿನಿಂದ ಬಸ್ಸಿನಲ್ಲಿ ಬರುವಳು, ನಾನು ಅರಸೀಕೆರೆಯಿಂದ ಜಾವಗಲ್ ಮೇಲೆ ಹೋಗುವೆ. ಮದುವೆಯಾದ ಮೇಲೆ ನಾವಿಬ್ಬರೇ ಕೂತು ಮಾತಾಡಿದ್ದೇ ಇಲ್ಲ; ಯಾವಾಗಲೂ ಯಾರದ್ದೋ ಮುಂಜಿ, ಯಾರದ್ದೋ ತಿಥಿ, ಕೈಯಲ್ಲಿ ಸೌಟು. ಒಂದು ಸಲ ಆಟೋ ಮಾಡಿಕೊಂಡು ಹತ್ತಿರದ ಹುಲಿಕೆರೆಗೆ ಹೋಗಿ ಕೊಳದ ಮೆಟ್ಟಿಲ ಮೇಲೆ ಕೂತೆವು. ಅಕ್ಕ ಫ್ಲಾಸ್ಕಿನಿಂದ ಬಾರ್ಲಿ ನೀರು ಬಗ್ಗಿಸಿ ಕೊಟ್ಟು, ನಾನು ಕುಡಿಯುವವರೆಗೂ ಅಮ್ಮನ ಹಾಗೆಯೇ ದುರುಗುಟ್ಟಿಕೊಂಡು ನೋಡುತ್ತಿದ್ದಳು.

ಆಷಾಢದ ಹೊತ್ತಿಗೆ ಹನ್ನೊಂದು ಕೆಜಿ ಇಳಿದಿದ್ದೆ. ಬೀದಿಯ ಹೆಂಗಸರು, “ಏನ್ರೀ ಸರೋಜಮ್ಮ, ಮದುವಣಗಿತ್ತಿ ಹಾಗಾಗಿದೀರ, ನಮಗೂ ಗುಟ್ಟು ಹೇಳಿ,” ಎಂದರು. ಹೇಳಿಯೂಬಿಟ್ಟೆ. ಇಬ್ಬರು ಹೋಗಿಬಂದರು ಎಂದು ಆಮೇಲೆ ತಿಳಿಯಿತು. ಮೆಟ್ಟಿಲು ಹತ್ತಿದರೆ ನನಗೆ ಏದುಸಿರು. ಮಲ ಪೆನ್ಸಿಲ್ಲಿನಷ್ಟು ಸಣ್ಣಗೆ ಬರುತ್ತಿತ್ತು. ಅದನ್ನೂ ಬರೆದಿಟ್ಟೆ.

ಗೌರಿಹಬ್ಬಕ್ಕೆ ಅಕ್ಕ ತಾನೇ ಬಾಗಿನ ತಂದಳು. ಮೂರು ದಿನದಿಂದ ನನಗೆ ಹೊರಕ್ಕೆ ಹೋಗಿರಲಿಲ್ಲ. ಹೊಟ್ಟೆ ಮದ್ದಲೆಯಂತೆ ಉಬ್ಬಿತ್ತು. ಮೊರ ತೆಗೆದುಕೊಳ್ಳಲು ಬಗ್ಗಿದವಳು ಅಲ್ಲೇ ಹಸಿರು ವಾಂತಿ ಮಾಡಿಕೊಂಡೆ. ಆಂಬುಲೆನ್ಸಿನಲ್ಲಿ ಅಕ್ಕ ನನ್ನ ಪಾದ ಉಜ್ಜುತ್ತ, “ಬರೀ ವಾಯು ಕಣೇ, ವಾಯು,” ಎನ್ನುತ್ತಿದ್ದಳು.

ಕ್ಯಾನ್ಸರ್.

ಗಡ್ಡೆ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಆಪರೇಷನ್ ಮುಗಿದು ಎಚ್ಚರವಾದಾಗ ಹೊಟ್ಟೆಯ ಎಡಭಾಗದಲ್ಲಿ ಒಂದು ಚೀಲ ಅಂಟಿಸಿದ್ದರು. ಇನ್ನು ಮಲ ಬರುವುದು ಅಲ್ಲಿಂದ. ಕೈಯಿಟ್ಟರೆ ಬೆಚ್ಚಗಿತ್ತು.

ಯಜಮಾನರು ಏನು ತೋಚಿತೋ, ನನ್ನ ನೋಟ್‌ಬುಕ್ಕನ್ನು ತಂದು ಸರ್ಜನ್ ಕೈಗೆ ಕೊಟ್ಟರು. ಅವರು ನಿಂತುಕೊಂಡೇ ಹಾಳೆ ತಿರುವಿದರು.

“ಇಷ್ಟೆಲ್ಲ ಬರೆದಿದೀರಲ್ಲಮ್ಮ. ಯಾರಿಗಾದ್ರೂ ತೋರಿಸಿದ್ರಾ?”

ನಾನು ಸೀಲಿಂಗ್ ಫ್ಯಾನ್ ನೋಡಿದೆ.

“ಏಳು ತಿಂಗಳು ಮುಂಚೆ ಬಂದಿದ್ರೆ ಸಾರ್?” ಯಜಮಾನರು ಕೇಳಿದರು.

“ಅದು ಈಗ ಬೇಡ.” ಸರ್ಜನ್ ನೋಟ್‌ಬುಕ್ ಮುಚ್ಚಿ ಕೇಳಿದರು: “ತಾಯಿಗೂ ಹೀಗೇ ಆಗಿತ್ತಾ? ಅಕ್ಕ ತಂಗಿ ಇದಾರಾ? ಅವರಿಗೂ ಸ್ಕೋಪ್ ಆಗ್ಲೇಬೇಕು. ತಡ ಮಾಡಬೇಡಿ.”

ಅಕ್ಕ ಅಷ್ಟರಲ್ಲಿ ಬೇಲೂರಿಗೆ ಹೊರಟುಹೋಗಿದ್ದಳು. ಮತ್ತೆ ಬರಲಿಲ್ಲ. ಫೋನು ಮಾಡಿದರೆ ಭಾವ ಎತ್ತಿ, “ಮಡೀಲಿದಾಳಮ್ಮ,” ಎನ್ನುವರು. ಬೆಳಿಗ್ಗೆ ಮಡಿ, ಮಧ್ಯಾಹ್ನ ಮಡಿ, ಸಂಜೆಯೂ ಮಡಿ. ಒಂದು ದಿನ ಭಾವ ದನಿ ತಗ್ಗಿಸಿ ಹೇಳಿದರು: “ಈಗಲೂ ಗುರುವಾರ ಗುರುವಾರ ಹಳೇಬೀಡಿಗೆ ಹೋಗ್ತಾಳೆ. ಸ್ಕೋಪ್ ಅಂದ್ರೆ ಎದ್ದು ಹೋಗ್ತಾಳೆ. ನೀನೇ ಹೇಳು.”

ಎರಡನೆಯ ಕೀಮೋ ಆಗಿ ಹತ್ತು ದಿನಕ್ಕೆ ಯಜಮಾನರು ಬೇಲೂರಿಗೆ ಒಂದು ಕಾರು ಗೊತ್ತುಮಾಡಿದರು. ದಾರಿಯುದ್ದಕ್ಕೂ ಚೀಲದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಅಕ್ಕ ಅಡಿಗೆಮನೆಯಲ್ಲಿ ನೈವೇದ್ಯಕ್ಕೆ ಅಕ್ಕಿ ತೊಳೆಯುತ್ತಿದ್ದಳು. ನಾನು ಹೊಸ್ತಿಲ ಈಚೆಗೇ ಕೂತೆ. ಕೂದಲುದುರಿದ ನನ್ನ ತಲೆಯನ್ನು ನೋಡಿದಳು, ಅಕ್ಕಿಯ ಕಡೆ ತಿರುಗಿದಳು.

“ನಾನೇ ನಿನ್ನ ಹಾಳು ಮಾಡಿದೆ ಕಣೇ.”

ಇಲ್ಲ ಎನ್ನಬೇಕಾಗಿತ್ತು. “ಕರೆದೋಳು ನೀನು, ಬಂದೋಳು ನಾನು,” ಎಂದೆ. “ಚೀಟಿ ನಮ್ಮನೇಲೇ ಇತ್ತು. ಹೋಗಲಿ, ನೀನು ಇನ್ನೂ ಯಾಕೆ ಅಲ್ಲಿಗೆ ಹೋಗ್ತೀಯ?”

ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು. “ಬಿಟ್ಬಿಟ್ರೆ ಅದು ಸುಳ್ಳು ಅಂತ ಆಗುತ್ತಲ್ಲೇ, ಸರೋಜ. ಸುಳ್ಳು ಅಂತಾದ್ರೆ ನಾನು ನಿನಗೆ ಮಾಡಿದ್ದೇನು?”

ಅಷ್ಟರಲ್ಲಿ ಚೀಲದ ಅಂಚು ಬಿಟ್ಟುಕೊಂಡಿತು. ಸೀರೆ ಒದ್ದೆಯಾಯಿತು, ವಾಸನೆ ಹರಡಿತು. ಅವಳು ಮಡಿ, ಒಲೆಯ ಮೇಲೆ ದೇವರ ಅನ್ನದ ನೀರು ಕುದಿಯುತ್ತಿದೆ. ನಾನು ಗಡಿಬಿಡಿಯಿಂದ ಏಳಲು ಹೋದೆ. ಅಕ್ಕ ಒಲೆ ಆರಿಸಿ, ಹೊಸ್ತಿಲು ದಾಟಿ ಬಂದು ನನ್ನ ರಟ್ಟೆ ಹಿಡಿದಳು. ಬಚ್ಚಲಿನಲ್ಲಿ ಬಿಸಿನೀರು ಬಗ್ಗಿಸಿ, “ಹೇಗೆ ಬಿಚ್ಚೋದು ಹೇಳು,” ಎಂದಳು. ಹೇಳಿದೆ. ಕೆಂಪಗಿದ್ದ ಆ ಕರುಳಿನ ಬಾಯಿಯನ್ನು ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿದಳು. ಆಗ ಅತ್ತಳು. ಹೊಸ ಚೀಲ ಅಂಟಿಸುವಾಗ ನಾನೆಂದೆ, “ನಿನಗೆ ಇದು ಬೇಡ ಅಕ್ಕ. ಸ್ಕೋಪ್ ಮಾಡಿಸ್ಕೋ.”

ಅವಳು ಚೀಲದ ಅಂಚನ್ನು ಇನ್ನೊಂದು ಸಲ ಒತ್ತಿದಳು. ಅವತ್ತು ಭಾವನ ದೇವರಿಗೆ ಬಾಳೆಹಣ್ಣೇ ನೈವೇದ್ಯ.

ಮುಂದಿನ ವಾರ ಅವಳೇ ಫೋನು ಮಾಡಿದಳು. “ಆ ಪೌಡರ್ ಹೆಸರೇನೇ?”

ಹಾಸನದಲ್ಲಿ ಅವಳಿಗೆ ಸ್ಕೋಪ್ ಆದ ದಿನವೇ ನನ್ನ ಸ್ಕ್ಯಾನ್ ರಿಪೋರ್ಟೂ ಬರುವುದಿತ್ತು. ಅವಳ ಕರುಳಿನಲ್ಲಿ ಎರಡು ಪಾಲಿಪ್ ಗಂಟುಗಳಿದ್ದವು. ಸಣ್ಣವು, ಅಲ್ಲೇ ತೆಗೆದರು. “ಹಾಗೇ ಬಿಟ್ಟಿದ್ರೆ ಮುಂದೆ ಇವೇ ಗಡ್ಡೆ ಆಗಬಹುದಿತ್ತು. ಬಯಾಪ್ಸಿಗೆ ಕಳಿಸ್ತೀವಿ, ಗಾಬರಿ ಪಡೋ ಹಾಗೇನೂ ಕಾಣ್ತಿಲ್ಲ,” ಎಂದರು ಡಾಕ್ಟರು. ನನ್ನ ರಿಪೋರ್ಟಿನಲ್ಲಿ ಲಿವರ್ ಮೇಲೆ ಒಂದು ಚುಕ್ಕೆ ಇತ್ತು. ಹಿಂದಿನ ಸಲ ಇರಲಿಲ್ಲ. ಔಷಧಿ ಬದಲಾಯಿಸಿ ನೋಡೋಣ ಎಂದರು. ಯಜಮಾನರು ರಿಪೋರ್ಟನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಅಳು ಬರಲಿಲ್ಲ. ಇಬ್ಬರಲ್ಲಿ ಒಬ್ಬಳು ಸಮಯಕ್ಕೆ ಸರಿಯಾಗಿ ಬಂದಳಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವೇನಲ್ಲ. ದಿನಾ ಬೆಳಿಗ್ಗೆ ಹೊಸದಾಗಿ ಅಂದುಕೊಳ್ಳಬೇಕು.

ಅಕ್ಕ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತರಿಸಿದೆ. ಮೊದಲ ತುತ್ತು ಮುರಿದವಳು ನನ್ನ ಮುಖ ನೋಡಿದಳು.

“ನಿಂದೇನು ಬಂತೇ?”

“ತಿನ್ನು ಮೊದಲು,” ಎಂದೆ. “ಆರಿಹೋಗುತ್ತೆ.”