ಪಾಳು ಗುಡಿಯಲ್ಲಿ ಲಕ್ಷ್ಮಿದೇವಮ್ಮನ ಬಿಡುವು

ಬೆಳಗಿನ ಆರು ಗಂಟೆ. ದಿಬ್ಬೂರಹಳ್ಳಿಯಾಚೆಯ ಹಳ್ಳಿಯೊಂದರಲ್ಲಿ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟಿದ್ದ ನಲ್ಲಪ್ಪನವರನ್ನು ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕೂರಿಸಿದ್ದಾರೆ. ಎಡಗೈಯಲ್ಲಿ ಅವರ ಗದ್ದ, ಬಲಗೈಯಲ್ಲಿ ಪುಟ್ಟ ಟಾರ್ಚು.

"ಮೇಲೆ ನೋಡು ನಲ್ಲಪ್ಪಣ್ಣ. ಹಾಂ, ಬಲಗಣ್ಣಿಗೆ ಪೊರೆ ಬಂದೈತೆ. ಸೋಮವಾರ ವ್ಯಾನ್ ಬರ್ತದೆ, ತಪ್ಪಿಸ್ಬೇಡ."

ಐವತ್ತೇಳು ವರ್ಷದ ಲಕ್ಷ್ಮಿದೇವಮ್ಮ ಮಿಷನ್ ಕಣ್ಣಾಸ್ಪತ್ರೆಯೊಂದರ ಕಾರ್ಯಕರ್ತೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಪೊರೆ ಬಂದವರನ್ನು ಗುರುತಿಸಿ ಆಪರೇಷನ್‌ಗೆ ಒಪ್ಪಿಸುವುದು ಅವರ ಕೆಲಸ. ದಿನಕ್ಕೆ ನಲವತ್ತು ಮನೆ. ಗಂಡ ತೀರಿಕೊಂಡ ವರ್ಷ ಸೇರಿದವರು, ಈಗ ಇಪ್ಪತ್ತೆರಡು ವರ್ಷವಾಯಿತು. ಆಗ ಕೆಲವು ಮನೆಗಳಿಗೆ ಟಾರ್ಚು ಬೇಕಿತ್ತು, ಅದನ್ನು ಹಿಡಿದ ಕೇರಿಯ ಹೆಂಗಸಿನ ಕೈ ಬೇಡವಾಗಿತ್ತು. "ದೂರ ನಿಂತೇ ನೋಡು ಅಂತಿದ್ರು. ದೂರದಿಂದ ಪೊರೆ ಕಾಣ್ತದಾ? ನಾಳೆ ಬರ್ತೀನಿ ಅಂತ ಹೇಳಿ ಹೋಗ್ತಿದ್ದೆ. ನಾಳೆ ಮತ್ತೆ ಹೋಗಿ ನಿಂತ್ಕೊತಿದ್ದೆ" ಎನ್ನುತ್ತಾರೆ.

ಮಧ್ಯಾಹ್ನ ಜನರೆಲ್ಲ ರೇಷ್ಮೆಹುಳುವಿನ ಮನೆಯಲ್ಲಿರುತ್ತಾರೆ. ಆ ಒಂದೆರಡು ಗಂಟೆ ಇವರಿಗೆ ಬಿಡುವು. ಬುತ್ತಿ ಹಿಡಿದು ಗುಡ್ಡದ ಪಕ್ಕದ ಪಾಳು ಗುಡಿಗೆ ಬರುತ್ತಾರೆ. ಛಾವಣಿ ಅರ್ಧ ಕುಸಿದಿದೆ. ದೇವರು ಊರೊಳಗಿನ ಹೊಸ ಗುಡಿಗೆ ಹೋಗಿ ಎಷ್ಟೋ ವರ್ಷವಾಗಿದೆ. ಲಕ್ಷ್ಮಿದೇವಮ್ಮನ ಮನೆಯಲ್ಲಿರುವುದು ಬುದ್ಧನ ಪಟ. "ದೇವ್ರಿಗೋಸ್ಕರ ಬರಲ್ಲ ಸಾರ್. ತಣ್ಣಗಿರ್ತದೆ. ಯಾಕ್ ಬಂದೆ ಅಂತ ಯಾರೂ ಕೇಳಲ್ಲ."

ಮೂರು ವರ್ಷದ ಹಿಂದೆ ಇದೇ ಹಳ್ಳಿಯ ಕೇರಿಯಲ್ಲಿ ಪೆದ್ದಮ್ಮ ಎಂಬ ಅಜ್ಜಿಯ ಎರಡೂ ಕಣ್ಣು ಮಂಜಾಗಿದ್ದವು. ಎಂಟು ಸಲ ಹೋಗಿ ಕೇಳಿದರೂ ಆಪರೇಷನ್ ಬೇಡವೆಂದೇ ಹಟ. "ನೋಡೋದೆಲ್ಲ ನೋಡಾಯ್ತು, ಬಿಡಮ್ಮ." ಒಂದು ದಿನ ಅವರೇ, "ಊಟ ಎಲ್ಲಿ ಮಾಡ್ತೀಯ?" ಎಂದು ವಿಚಾರಿಸಿದರು. ಹಳೇ ಗುಡಿಯಲ್ಲಿ ಎಂದಾಗ ಅಜ್ಜಿ ಹಳೆಯ ಮಾತೊಂದು ತೆಗೆದರು. ಚಿಕ್ಕಂದಿನಲ್ಲಿ ಆಡು ಮೇಯಿಸುತ್ತಾ ಅದರ ಗೋಡೆಯವರೆಗೆ ಹೋಗಿದ್ದರಂತೆ. ಒಳಗೆ ಬಿಟ್ಟಿರಲಿಲ್ಲ.

ಲಕ್ಷ್ಮಿದೇವಮ್ಮ ಅಂದೇ ಕೈಹಿಡಿದು ನಡೆಸಿಕೊಂಡು ಬಂದರು. ಹೊಸ್ತಿಲಲ್ಲಿ ಅಜ್ಜಿಯ ಕಾಲು ನಿಂತಿತು.

"ಒಳಕ್ ಬರ್ಬೋದಾ ಲಚ್ಮೀ?"

"ಬಾರಮ್ಮ, ಬೇಡ ಅನ್ನೋರು ಯಾರವ್ರೆ ಇಲ್ಲಿ?"

ಅಜ್ಜಿ ಕಂಬದ ಮೇಲೆ ಬೆರಳಾಡಿಸಿದರು. ಏನೋ ಕೆತ್ತನೆ ಸಿಕ್ಕಿತು. "ಇದ್ಯಾವ ದೇವ್ರು?"

"ನಾನ್ ಹೇಳಲ್ಲ. ಕಣ್ಣು ಮಾಡಿಸ್ಕೊಂಡು ಬಂದು ನೀನೇ ನೋಡು."

ಮುಂದಿನ ಸೋಮವಾರ ಪೆದ್ದಮ್ಮ ವ್ಯಾನ್ ಹತ್ತಿದರು. ತಿಂಗಳು ಕಳೆದ ಮೇಲೆ ಇಬ್ಬರೂ ಮತ್ತೆ ಅದೇ ಕಂಬದ ಮುಂದೆ ನಿಂತರು. ಕಲ್ಲಿನಲ್ಲಿ ಒಬ್ಬ ಹೆಂಗಸು ಕಾಲು ಮಡಚಿ ಅಂಗಾಲಿನ ಮುಳ್ಳು ಕೀಳುತ್ತಿದ್ದಳು.

"ಅಯ್ಯೋ, ದೇವ್ರಲ್ಲ ಕಣೇ! ನಮ್ಮಂಗೆ ಮುಳ್ಳು ತೆಗೀತಾವಳೆ" ಎಂದು ಪೆದ್ದಮ್ಮ ನಕ್ಕರು. ನಗುತ್ತಲೇ ಅತ್ತರು. ಅಂದು ಲಕ್ಷ್ಮಿದೇವಮ್ಮನಿಗೆ ಬುತ್ತಿ ಬಿಚ್ಚುವುದೇ ಮರೆತುಹೋಯಿತು.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ ಸೆರಗಿನಿಂದ ಗುಡಿಯ ಕಂಬದ ಧೂಳು ಒರೆಸುತ್ತಾ ಯೋಚಿಸುತ್ತಾರೆ.

"ನಮ್ ಆಸ್ಪತ್ರೆಯೋರು ಒಂದ್ ದಿನ ವ್ಯಾನ್ ಕೊಟ್ರೆ ಸಾಕು. ಕಣ್ಣು ಮಾಡಿಸ್ಕೊಂಡಿರೋ ಅಜ್ಜೀರ್ನೆಲ್ಲ ಇಲ್ಲಿಗೆ ಕರ್ಕೊಂಡ್ ಬರ್ಬೇಕು. ಎಲ್ಲಾ ಕಂಬಾನೂ ನಿಧಾನಕ್ಕೆ ನೋಡ್ಲಿ. ಊಟ ನಾನೇ ಮಾಡ್ಕೊಂಡ್ ಬರ್ತೀನಿ."